ಕಿಟಕಿ ತೆರೆಯದ ಅರ್ಧ ಗಂಟೆ

ಬಂದವರು ಹೊಸ್ತಿಲು ದಾಟುವಾಗ ಮನೆ ಬೆಚ್ಚಗಿರಬೇಕು. ಇದು ಎದೆಲ್ಮಿರಾಳ ತಾಯಿ ನಡೆಸಿಕೊಂಡು ಬಂದ ಕಟ್ಟಳೆ. ಊಟ ತುಸು ತಡವಾದರೆ ನಡೆಯುತ್ತದೆ, ಹಾಸಿಗೆ ಗಟ್ಟಿಯಿದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಕಾಡಿನ ದಾರಿಯಲ್ಲಿ ಚಳಿಗಾಳಿಗೆ ಮುಖವೊಡ್ಡಿ ಬಂದವರ ಕೆನ್ನೆಗೆ ಮೊದಲು ತಾಗಬೇಕಾದದ್ದು ಒಲೆಯ ಶಾಖ. ತಾಯಿ ಹೋಗಿ ಹದಿನೆಂಟು ವರ್ಷಗಳಾಗಿದ್ದವು. ಎದೆಲ್ಮಿರಾಳಿಗೇ ಈಗ ಅರವತ್ತಾರು. ಆದರೂ ರಾಜಧಾನಿ ಸಾಂತಿಯಾಗೊದಿಂದ ಬರುವ ಅತಿಥಿಗಳ ಕಾರು ಕೆಳಗಿನ ಸೇತುವೆ ದಾಟುವ ಹೊತ್ತಿಗೆ ಕಾಡಿನ ಮನೆಯ ಹೊಗೆಕೊಳವೆಯಲ್ಲಿ ಹೊಗೆಯೇಳದಿದ್ದರೆ, ತಾಯಿ ಎಲ್ಲಿಂದಲೋ ನೋಡುತ್ತಿದ್ದಾಳೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮನೆ ಅಪ್ಪ ಕಟ್ಟಿದ್ದು. ಸರೋವರದಿಂದ ಮೇಲಕ್ಕೆ, ಜಲ್ಲಿರಸ್ತೆ ಮುಗಿಯುವಲ್ಲಿ, ಆಕಾಶ ಕಾಣದಷ್ಟು ದಟ್ಟವಾದ ಕೊಯ್ವೆ ಮರಗಳ ನಡುವೆ ಎರಡು ಕೋಣೆ, ಒಂದು ಅಡುಗೆಮನೆ, ಹೊರಗೆ ಸೌದೆಯ ಕೊಟ್ಟಿಗೆ. ಹಿಂದೆ ಬೇಸಿಗೆ ರಜೆಯಲ್ಲಿ ಅಪ್ಪ, ಅಮ್ಮ, ಎದೆಲ್ಮಿರಾ, ತಂಗಿ ನೋಲ್ಫಾ ಎಲ್ಲರೂ ಎರಡು ತಿಂಗಳು ಅಲ್ಲೇ ಇರುತ್ತಿದ್ದರು. ಈಗ ಗಂಡ ತೀರಿಕೊಂಡ ಅಕ್ಕ, ಮದುವೆಯೇ ಆಗದ ತಂಗಿ ಇಬ್ಬರೂ ಕೆಳಗೆ ಊರಿನಲ್ಲಿ ಒಂದೇ ಸೂರಿನಡಿ ಇದ್ದರು. ಭೂಮಿಯ ಆ ದಕ್ಷಿಣದ ಕಡೆ ಬೇಸಿಗೆಯಾದ ಜನವರಿ ಫೆಬ್ರವರಿಯಲ್ಲಿ ಮೇಲಿನ ಮನೆಯನ್ನು ರಜೆಗೆ ಬರುವವರಿಗೆ ಕೊಡುತ್ತಿದ್ದರು.

ಆ ವರ್ಷ ಕಾಡಿನ ಬಿದಿರು ಹೂ ಬಿಟ್ಟಿತ್ತು. ಮನುಷ್ಯನ ಆಯುಷ್ಯದಲ್ಲಿ ಒಂದು ಸಲವೋ ಎರಡು ಸಲವೋ ಆಗುವ ಸಂಗತಿ. ಹೂ ಬಿಟ್ಟ ಬಿದಿರು ಒಣಗಿ ಸಾಯುತ್ತದೆ; ಸಾಯುವ ಮೊದಲು ನೆಲದ ತುಂಬ ಬಿದಿರಕ್ಕಿ ಸುರಿಸುತ್ತದೆ; ಅದನ್ನು ತಿಂದು ಉದ್ದಬಾಲದ ಇಲಿಗಳು ಲೆಕ್ಕ ತಪ್ಪುವಷ್ಟಾಗುತ್ತವೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ, ನೋಡಲು ಮುದ್ದಾದ ಇಲಿ. ಅದರ ಉಚ್ಚೆ, ಹಿಕ್ಕೆ ಒಣಗಿ ಧೂಳಾಗಿ ಉಸಿರಿನೊಳಗೆ ಹೋದರೆ ಬರುವ ಕಾಯಿಲೆಗೆ ಅಲ್ಲಿನವರು ಹಂತಾ ಎನ್ನುತ್ತಾರೆ. ಆ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ.

ಎದೆಲ್ಮಿರಾ ಮೂವತ್ತೊಂದು ವರ್ಷ ಊರಿನ ಶಾಲೆಯಲ್ಲಿ ಟೀಚರಾಗಿದ್ದವಳು. ಮುಚ್ಚಿದ್ದ ಮನೆಯೊಳಗೆ ಹೋಗುವಾಗ ಏನು ಮಾಡಬೇಕೆಂದು ಪ್ರತಿ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ತೆರೆ, ಕಾಯು, ನೆನೆಸು, ಗುಡಿಸು. ಬಾಗಿಲು ಕಿಟಕಿ ತೆರೆದು ಹೊರಗೆ ನಿಂತು ಅರ್ಧ ಗಂಟೆ ಕಾಯಬೇಕು. ನೆಲಕ್ಕೆ ಕ್ಲೋರಿನ್ ನೀರು ಚಿಮುಕಿಸಿ ನೆನೆಸಬೇಕು. ಪೊರಕೆ ಮುಟ್ಟುವುದು ಆಮೇಲೆ. ಬೆರಳು ಮಡಿಸುತ್ತ ಹೇಳುತ್ತಿದ್ದ ಆ ಮಕ್ಕಳಲ್ಲಿ ಇಸೌರಾ ಎಂಬ ಹನ್ನೊಂದು ವರ್ಷದ ಹುಡುಗಿಯಿದ್ದಳು. ಸೌದೆ ಕೊಟ್ಟಿಗೆಯಲ್ಲಿ ಬೆಕ್ಕಿನ ಮರಿ ಹುಡುಕಲು ಹೋಗಿದ್ದಳಂತೆ. ಮೂರು ವಾರ ಚೆನ್ನಾಗಿಯೇ ಓಡಾಡಿಕೊಂಡಿದ್ದು, ಒಂದು ಸೋಮವಾರ ಮೈಕೈನೋವು, ಜ್ವರ ಎಂದು ಮಲಗಿದವಳು ಗುರುವಾರ ಉಸಿರು ಸಿಗದೆ ಹೋಗಿಬಿಟ್ಟಳು. ಅವಳ ಕುರ್ಚಿಯನ್ನು ಎದೆಲ್ಮಿರಾ ಆ ವರ್ಷವಿಡೀ ಯಾರಿಗೂ ಕೊಟ್ಟಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದವಳು ಜನವರಿಯ ಕೊನೆಯ ಶನಿವಾರ ಮಾಡಿದ್ದು ಹೀಗೆ.

ಅತಿಥಿಗಳು ಸಂಜೆ ಆರಕ್ಕೆ ಬರುವವರಿದ್ದರು. ಎರಡು ಗಂಟೆಗೆ ಫೋನ್ ಬಂತು: ನಾಲ್ಕಕ್ಕೇ ಮುಟ್ಟುತ್ತೇವೆ, ಮಗುವಿಗೆ ದಾರಿಯಲ್ಲಿ ಎರಡು ಸಲ ವಾಂತಿಯಾಗಿದೆ, ಚಳಿಗೆ ನಡುಗುತ್ತಿದ್ದಾಳೆ. ಎದೆಲ್ಮಿರಾ ಒಲೆಯಲ್ಲಿದ್ದ ಬ್ರೆಡ್ಡನ್ನು ನೋಲ್ಫಾಳಿಗೆ ಒಪ್ಪಿಸಿ ಓಡಿದಳು. ಕನ್ನಡಕ ಅಡುಗೆಮನೆಯ ಮೇಜಿನ ಮೇಲೆಯೇ ಉಳಿಯಿತು. ಹಿಂದಿನ ವಾರ ಬರಬೇಕಿದ್ದವರು ಬಾರದೆ ಮೇಲಿನ ಮನೆ ಹನ್ನೆರಡು ದಿನ ಮುಚ್ಚಿತ್ತು. ಬಾಗಿಲು ತೆರೆದರೆ ಒಳಗೆ ಬಾವಿಯೊಳಗಿನಂಥ ಥಂಡಿ. ಹೊರಗೆ ಬೇಸಿಗೆಯಲ್ಲೂ ಕೊರೆಯುವ ದಕ್ಷಿಣದ ಗಾಳಿ ಬೀಸುತ್ತಿತ್ತು. ಈಗ ಕಿಟಕಿ ತೆರೆದಿಟ್ಟರೆ ಆ ಮಗು ಬರುವ ಹೊತ್ತಿಗೆ ಈ ಮನೆ ಬೆಚ್ಚಗಾಗುವುದು ಹೇಗೆ? ಅವಳು ಕಿಟಕಿಗಳನ್ನು ಮುಟ್ಟಲಿಲ್ಲ. ಒಲೆ ಹಚ್ಚಿದಳು. ಎರಡು ಕೋಣೆಗಳನ್ನೂ ಒಣ ಪೊರಕೆಯಲ್ಲಿ ಸರಸರನೆ ಗುಡಿಸಿದಳು. ಮಂಚದ ಕೆಳಗಿನಿಂದ ಕರಿದಾದ ಏನೋ ಪುಡಿ ಬಂತು. ಕನ್ನಡಕವಿಲ್ಲದ ಕಣ್ಣಿಗೆ ಅದು ಯಾರೋ ಚೆಲ್ಲಿದ ಚಹಾ ಸೊಪ್ಪಿನಂತೆ ಕಂಡಿತು. ಕೊನೆಗೆ ಪೆಟ್ಟಿಗೆ ತೆರೆದು ತಾಯಿ ನೇಯ್ದ ಉಣ್ಣೆಯ ಕಂಬಳಿಯನ್ನು ಎತ್ತಿ, ಎರಡು ಸಲ ಜೋರಾಗಿ ಕೊಡವಿ, ಮಗುವಿನ ಮಂಚಕ್ಕೆ ಹಾಸಿದಳು. ಎದ್ದ ಧೂಳು ಒಲೆಯ ಬೆಳಕಿನಲ್ಲಿ ಹೊಳೆಯುತ್ತ ತೇಲಿತು. ಚೆನ್ನಾಗಿ ಕಾಣುತ್ತಿತ್ತು. ಅವಳು ಒಂದು ಗಳಿಗೆ ನಿಂತು ನೋಡಿದಳು ಕೂಡ.

ಬಂದವರು ಮೂವರು. ಗಂಡ ಬರ್ನಾರ್ದೊ ನಿಧಾನದ ಮನುಷ್ಯ, ಹೆಂಡತಿ ಹಿಮೇನಾ ಯಾವುದೋ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅವರ ಮಗಳು ಅಮಾಲಿಯಾಗೆ ಆರು ವರ್ಷ, ಮುಂದಿನ ಹಲ್ಲುಗಳೆರಡೂ ಇರಲಿಲ್ಲ. ಹಿಮೇನಾ ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತು, ನಮ್ಮಜ್ಜಿಯ ಮನೆಯೊಳಗೆ ಬಂದ ಹಾಗಾಯಿತು ಎಂದಳು. ಮಗು ನೇರ ಹೋಗಿ ಕಂಬಳಿಯೊಳಗೆ ತೂರಿಕೊಂಡು, ಮೂಗಿನವರೆಗೆ ಎಳೆದುಕೊಂಡಿತು. ಎದೆಲ್ಮಿರಾ ಆ ಸಂಜೆ ಇಳಿಜಾರಿನ ದಾರಿಯಲ್ಲಿ ಹಗುರಾಗಿ ನಡೆದು ಮನೆಗೆ ಬಂದಳು.

ಮೂರನೆಯ ದಿನ ಬೆಳಗ್ಗೆ ಅವಳು ಬಿಸಿ ಬ್ರೆಡ್ಡು, ಹಣ್ಣಿನ ಜಾಮು ಹಿಡಿದು ಮೇಲೆ ಹೋದಾಗ ಕನ್ನಡಕ ಮೂಗಿನ ಮೇಲಿತ್ತು. ಅಮಾಲಿಯಾ ಮೆಟ್ಟಿಲ ಮೇಲೆ ಕೂತಿದ್ದಳು. ಅಲ್ಲಿನ ಮಕ್ಕಳು ಎಲ್ಲ ಹೆಂಗಸರನ್ನೂ ಕರೆಯುವಂತೆ ಅವಳೂ ಎದೆಲ್ಮಿರಾಳನ್ನು ತಿಯಾ, ಅತ್ತೆ ಎಂದೇ ಕರೆಯುತ್ತಿದ್ದಳು; ಅವಳ ಅಪ್ಪ ಅಮ್ಮ ಮರ್ಯಾದೆಗೆ ದೋನ್ಯಾ ಎನ್ನುತ್ತಿದ್ದರು.

“ತಿಯಾ, ನಿನ್ನ ಕಂಬಳಿ ನಂಗೆ ಬೀಜ ಕೊಡ್ತು ನೋಡು,” ಎಂದು ಒಂದು ಬೆಂಕಿಪೊಟ್ಟಣ ತೆರೆದು ತೋರಿಸಿದಳು. “ಹಕ್ಕಿಗೆ ಹಾಕೋಣ ಅಂತ ಕೂಡಿಸಿಟ್ಟಿದೀನಿ.”

ಪೊಟ್ಟಣದಲ್ಲಿ ನಾಲ್ಕಾರು ಬಿದಿರಕ್ಕಿ ಕಾಳುಗಳಿದ್ದವು. ಉಳಿದದ್ದು ಬೀಜವಲ್ಲ. ಸಣ್ಣಗೆ, ಕರಿದಾಗಿ, ಎರಡೂ ತುದಿ ಚೂಪಾಗಿದ್ದ ಹಿಕ್ಕೆ.

ಎದೆಲ್ಮಿರಾಳ ಕೈಯಲ್ಲಿದ್ದ ಬ್ರೆಡ್ಡಿನ ಬುಟ್ಟಿ ಹೇಗೋ ಕೆಳಗೆ ಕೂತಿತು. ಮಗುವಿಗೆ ಹೆದರಿಕೆಯಾಗಬಾರದೆಂದು ನಗುವ ಹಾಗೆ ಮಾಡಿ, ಪೊಟ್ಟಣ ಇಸಿದುಕೊಂಡು, ಹೊರಗಿನ ನಲ್ಲಿಯಲ್ಲಿ ಅದರ ಕೈಗಳನ್ನು ಸೋಪು ಹಚ್ಚಿ ಮೂರು ಸಲ ತೊಳೆದಳು. ಪುಟ್ಟ ಉಗುರುಗಳನ್ನು ಒಂದೊಂದಾಗಿ ಉಜ್ಜಿದಳು. ನೀರು ತಣ್ಣಗಿದೆ ಎಂದು ಮಗು ಕಿಲಕಿಲ ನಕ್ಕಿತು. ಗಂಡಹೆಂಡಿರು ಸರೋವರದ ಕಡೆ ಇಳಿದಿದ್ದರು. ಎದೆಲ್ಮಿರಾ ಎಲ್ಲ ಕಿಟಕಿಗಳನ್ನೂ ಹಾರುಹೊಡೆದು ತೆರೆದಳು. ಬಟ್ಟೆಯಿಂದ ಮೂಗು ಮುಚ್ಚಿಕೊಂಡು ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಮೂಲೆಯಲ್ಲಿ ಉಣ್ಣೆಯನ್ನು ಕಡಿದು ಕಡಿದು ಮಾಡಿದ ಬಟ್ಟಲಿನಂಥ ಗೂಡು, ಅದರ ಸುತ್ತ ಬಿದಿರಕ್ಕಿಯ ಹೊಟ್ಟು.

ಗಂಡಹೆಂಡಿರು ಹತ್ತಿ ಬರುವುದು ಕಾಣುತ್ತಲೇ ಮಗುವನ್ನು ಅವರತ್ತ ಕಳಿಸಿ, ಕೋಣೆ ತೊಳೆಯಬೇಕು, ಅಲ್ಲಿಯವರೆಗೆ ಯಾರೂ ಒಳಗೆ ಹೋಗಬೇಡಿ ಎಂದಷ್ಟೇ ಕೂಗಿ ಹೇಳಿ ಕೆಳಗೆ ಓಡಿದಳು. ಪೂರ್ತಿ ಹೇಳಲು ಧೈರ್ಯ ಬರಲಿಲ್ಲ.

ನೋಲ್ಫಾ ಆಲೂಗಡ್ಡೆ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಚಾಕು ನಿಲ್ಲಿಸಲಿಲ್ಲ. ಇಲಿ ಇಲ್ಲದ ಮನೆ ಈ ವರ್ಷ ಯಾವುದಿದೆ, ಎಲ್ಲ ಇಲಿಯಲ್ಲೂ ಕಾಯಿಲೆ ಇರುವುದಿಲ್ಲ, ಕ್ಲೋರಿನ್ ಹಾಕಿ ತೊಳೆದು ಸುಮ್ಮನಿರು ಎಂದಳು. ಆಮೇಲೆ ಅಕ್ಕನ ಮುಖ ನೋಡಿ ಚಾಕು ಕೆಳಗಿಟ್ಟಳು.

“ಹೇಳಿ ಏನ್ ಮಾಡ್ತೀಯಾ, ಅಕ್ಕ? ಬರೋದಿದ್ರೆ ಬಂದೇ ಬರುತ್ತೆ. ಬರದಿದ್ರೆ ಜ್ವರ ಬರುತ್ತಾ ಅಂತ ಕಾಯೋ ಆರು ವಾರ, ನಲವತ್ತೆರಡು ದಿನ ಅವರ ನಿದ್ದೆ ಕಿತ್ಕೊಂಡ ಹಾಗೆ ಅಷ್ಟೆ. ನಿಂದು ಯಾವಾಗ್ಲೂ ಇದೇ. ನಿನ್ನ ಮನಸ್ಸು ಹಗುರ ಆಗ್ಬೇಕು, ಭಾರ ಮಾತ್ರ ಇನ್ನೊಬ್ರ ತಲೆ ಮೇಲೆ.”

ಮಾತು ನಾಟಿತು. ನಾಟಿದ್ದು ಸುಳ್ಳಲ್ಲದ ಕಾರಣಕ್ಕೆ.

“ಗೊತ್ತಿಲ್ದೆ ಇದ್ರೆ, ಜ್ವರ ಬಂದ ದಿನ ಶೀತ ಅಂತ ಸಿರಪ್ ಕುಡಿಸ್ಕೊಂಡು ಕೂತಿರ್ತಾರೆ, ನೋಲ್ಫಾ. ಇಸೌರಾಳ ಅಮ್ಮ ಕೂತಿದ್ಲಲ್ಲ, ಹಾಗೆ.”

ನೋಲ್ಫಾ ಎದ್ದು ಅಕ್ಕನ ಕೋಟು ತಂದು ಅವಳ ಹೆಗಲಿಗೆ ಹಾಕಿದಳು.

ಮೇಲಿನ ಮನೆಯ ಅಂಗಳದಲ್ಲಿ ನಿಂತು ಎದೆಲ್ಮಿರಾ ಎಲ್ಲ ಹೇಳಿದಳು. ತೆರೆಯದ ಕಿಟಕಿ, ಒಣ ಪೊರಕೆ, ಕೊಡವಿದ ಕಂಬಳಿ, ಬೆಂಕಿಪೊಟ್ಟಣ. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ನೆಪ ಕೊಡಲಿಲ್ಲ. ಕಾಯಿಲೆ ಹೊರಗೆ ಬೀಳಲು ಆರು ವಾರದವರೆಗೆ ಹಿಡಿಯಬಹುದು. ಮೊದಲು ಬರೀ ಜ್ವರ, ತೊಡೆನೋವು. ಉಸಿರಿಗೆ ಬರುವ ಮೊದಲೇ ದೊಡ್ಡಾಸ್ಪತ್ರೆ ಸೇರಿದರೆ ಬದುಕಬಹುದು. ಹಿಮೇನಾಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

“ನೀವು ಟೀಚರ್ ಆಗಿದ್ರಿ ಅಂದ್ರಲ್ಲ,” ಎಂದಳು. ಅಷ್ಟೇ. ಕೂಗಾಡಿದ್ದರೆ ಎದೆಲ್ಮಿರಾಳಿಗೆ ಸಮಾಧಾನವಾಗುತ್ತಿತ್ತೇನೊ.

ಅರ್ಧ ತಾಸಿನಲ್ಲಿ ಸಾಮಾನು ಕಾರಿಗೆ ಹೋಯಿತು. ಮಗು ಕಂಬಳಿ ಬೇಕೆಂದು ಅತ್ತಿತು. ಬರ್ನಾರ್ದೊ ಕಾರು ಶುರು ಮಾಡಿದವನು ಮತ್ತೆ ಇಳಿದು ಬಂದ. ಅವನ ಕೈಯಲ್ಲಿ ಒಂದು ಥರ್ಮಾಮೀಟರ್ ಇತ್ತು. ನಮ್ಮಲ್ಲಿ ಎರಡಿವೆ ಎಂದ. ಎದೆಲ್ಮಿರಾಳಿಗೆ ಅರ್ಥವಾಗಲಿಲ್ಲ.

“ಗುಡಿಸಿದ್ದು ನೀವಲ್ವಾ, ದೋನ್ಯಾ ಎದೆಲ್ಮಿರಾ? ನಮಗಿಂತ ಜಾಸ್ತಿ ಧೂಳು ಕುಡಿದಿರೋದು ನೀವು. ದಿನಾ ಬೆಳಗ್ಗೆ ಎಂಟಕ್ಕೆ ಮಗೂ ಮೈಬಿಸಿ ಎಷ್ಟು ಅಂತ ನಾವು ಕಳಿಸ್ತೀವಿ. ನಿಮ್ಮದು ನೀವು ಕಳಿಸಿ.”

ಆ ಕ್ಷಣದವರೆಗೆ ಅವಳಿಗೆ ತನ್ನ ವಿಚಾರ ಹೊಳೆದೇ ಇರಲಿಲ್ಲ.

ಊರಿನ ಆರೋಗ್ಯ ಕೇಂದ್ರದ ವಾಲ್ದೋ ಅವಳ ಹಳೆಯ ವಿದ್ಯಾರ್ಥಿ. ಮುಖಗವಸು ಕಟ್ಟಿಕೊಂಡು ಬಂದು ಪೆಟ್ಟಿಗೆ, ಕಂಬಳಿ, ಗೂಡು ಎಲ್ಲವನ್ನೂ ಕ್ಲೋರಿನ್ ನೀರಿನಲ್ಲಿ ನೆನೆಸಿ, ಗುಂಡಿ ತೋಡಿ ಹೂತ. ಜ್ವರ ಬರುವ ಮೊದಲು ಕೊಡುವ ಮದ್ದಿಲ್ಲ, ಬಂದ ಮೇಲೂ ಇದಕ್ಕೆಂದೇ ಮದ್ದಿಲ್ಲ, ಬೇಗ ಬರುವುದೊಂದೇ ದಾರಿ ಎಂದ. ಹೊರಡುವಾಗ ಕೈಗವಸು ಕಳಚಿ ನಾಲ್ಕು ಬೆರಳು ಎತ್ತಿ, ಒಂದೊಂದಾಗಿ ಮಡಿಸಿ ತೋರಿಸಿದ. ಬೈಗುಳವೇನೂ ಅಲ್ಲ. ಆದರೆ ಅವಳಿಗೆ ತಲೆಯೆತ್ತಲಾಗಲಿಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೆ ಫೋನಿನಲ್ಲಿ ಬರೀ ಅಂಕಿ ಬಂತು. 36.4. ನಮಸ್ಕಾರವಿಲ್ಲ, ಹೆಸರಿಲ್ಲ. ಮೂವತ್ತೇಳೂವರೆ ದಾಟದಿದ್ದರೆ ಹೆದರಬೇಕಿಲ್ಲ ಎಂದು ವಾಲ್ದೋ ಹೇಳಿದ್ದ. ಎದೆಲ್ಮಿರಾ ತನ್ನದನ್ನು ಕಳಿಸಿದಳು: 36.1. ಹೀಗೇ ಎರಡನೆಯ ದಿನ, ಮೂರನೆಯ ದಿನ. ಆ ಅಂಕಿ ಬರುವವರೆಗೆ ಅವಳು ಒಲೆಯನ್ನೂ ಹಚ್ಚುತ್ತಿರಲಿಲ್ಲ. ಬಂದ ಮೇಲೆ ಮರುದಿನದ ಎಂಟು ಗಂಟೆಯ ಭಯ ಶುರುವಾಗುತ್ತಿತ್ತು. ದಿನವಿಡೀ ಏನು ಮಾಡಿದರೂ, ಬಟ್ಟೆ ಒಗೆದರೂ, ಕೋಳಿಗೆ ಕಾಳು ಹಾಕಿದರೂ, ಒಂದು ಪುಟ್ಟ ಎದೆಯೊಳಗೆ ಧೂಳಿನ ಕಣವೊಂದು ಮೊಳಕೆಗಾಗಿ ಕಾಯುತ್ತಿರುವಂತೆ ಅನ್ನಿಸುತ್ತಿತ್ತು. ಬೇಸಿಗೆಗೆ ಬರಬೇಕಿದ್ದ ಉಳಿದವರಿಗೆಲ್ಲ ಅವಳೇ ಫೋನ್ ಮಾಡಿ ಬರಬೇಡಿ ಎಂದಳು. ನೋಲ್ಫಾ ಅದಕ್ಕೆ ಎದುರಾಡಲಿಲ್ಲ. ಆದರೆ ಅಕ್ಕ ಕೆಮ್ಮಿದಾಗಲೆಲ್ಲ, “ಹೊಗೆಗೋ ಸಾವಿಗೋ?” ಎಂದು ಕೇಳುತ್ತಿದ್ದಳು. ಹೊಗೆಗೆ ಎಂದರೆ, ಹಾಗಾದರೆ ಎದ್ದು ಪಾತ್ರೆ ತೊಳಿ ಎನ್ನುತ್ತಿದ್ದಳು.

ಹನ್ನೊಂದನೆಯ ದಿನ ಎಂಟಕ್ಕೆ ಅಂಕಿ ಬರಲಿಲ್ಲ. ಒಂಬತ್ತಕ್ಕೂ ಇಲ್ಲ. ಹತ್ತರ ಸುಮಾರಿಗೆ 37.9 ಎಂದು ಬಂತು. ಎದೆಲ್ಮಿರಾ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ, ಹಿತ್ತಲಿಗೆ ಹೋಗಿ, ಕೋಳಿಗೂಡಿನ ಬಾಗಿಲು ಹಿಡಿದು ನಿಂತಳು. ಎಷ್ಟು ಹೊತ್ತೋ ಗೊತ್ತಿಲ್ಲ. ನೋಲ್ಫಾ ಬಂದು ಒಂದು ಸ್ಟೂಲು ಇಟ್ಟು ಒಳಗೆ ಹೋದಳು. ಮಧ್ಯಾಹ್ನ ಮೂರಕ್ಕೆ ಮತ್ತೊಂದು ಸಂದೇಶ ಬಂತು. ಮೊದಲ ಸಲ ಅದರಲ್ಲಿ ಮಾತುಗಳಿದ್ದವು: ಗಂಟಲು ಊದಿದೆ, ರಕ್ತ ನೋಡಿದರು, ಅದಲ್ಲವಂತೆ. ಕೆಳಗೆ ಇನ್ನೊಂದು ಸಾಲು: ನೀವು ಊಟ ಮಾಡಿ.

ಅದು ಹಿಮೇನಾ ಬರೆದದ್ದು. ಎದೆಲ್ಮಿರಾ ಆ ಸಾಲನ್ನು ಅಳಿಸದೆ ಇಟ್ಟುಕೊಂಡಳು.

ಹತ್ತೊಂಬತ್ತನೆಯ ದಿನ ಬೆಳಗ್ಗೆ ಎದ್ದಾಗ ಅವಳ ತೊಡೆಗಳು ಒನಕೆಯಲ್ಲಿ ಕುಟ್ಟಿದಂತೆ ನೋಯುತ್ತಿದ್ದವು. ಸೊಂಟವೂ ಹಾಗೇ. ಥರ್ಮಾಮೀಟರ್ 38.6 ಎಂದಿತು. ಜಾಡಿಸಿ, ಮತ್ತೆ ಇಟ್ಟು ನೋಡಿದಳು. 38.7. ನೋಲ್ಫಾ ಮುಂಜಾನೆಯೇ ಪೇಟೆಗೆ ಹೋಗಿದ್ದಳು. ಎಂಟಕ್ಕೆ ಫೋನು ಕಿಣಿ ಎಂದಿತು. ಮಗುವಿನದು 36.3.

ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಆ ಅಂಕಿಯನ್ನು ನೋಡಿದಳು. ತನ್ನದನ್ನು ಕಳಿಸಿದರೆ ಸಾಂತಿಯಾಗೊದಲ್ಲಿ ಆ ತಾಯಿಗೆ ಏನಾದೀತು? ಅದೇ ಧೂಳು, ಅದೇ ಕಂಬಳಿ. ಇನ್ನೂ ಇಪ್ಪತ್ತಮೂರು ದಿನ ಬಾಕಿ. ಹಿಮೇನಾ ಮಗಳ ಹಣೆಯ ಮೇಲಿನ ಕೈಯನ್ನು ತೆಗೆಯುವುದೇ ಇಲ್ಲ. ಮಲಗುವುದಿಲ್ಲ, ಉಣ್ಣುವುದಿಲ್ಲ. ಬೇಡ. ಇದು ಬರೀ ಮೈಕೈನೋವಿರಬಹುದು, ನಿನ್ನೆ ಮೂಟೆ ಎತ್ತಿದ್ದೆನಲ್ಲ. ಒಂದು ದಿನ ನೋಡೋಣ. ಇಸೌರಾಳ ತಾಯಿಯೂ ಇದೇ ಮಾತು ಹೇಳಿದ್ದಳು ಎಂಬುದು ನೆನಪಿಗೆ ಬಂದರೂ ಅದನ್ನು ಆಚೆ ತಳ್ಳಿದಳು. ಬಹಳ ಹೊತ್ತು ಕೂತು, ಹತ್ತೂವರೆಗೆ 36.5 ಎಂದು ಬರೆದು ಕಳಿಸಿದಳು. ಅಷ್ಟು ಮಾಡಿದ ಮೇಲೆ ಅವಳಿಗೆ ಸ್ವಲ್ಪ ನೆಮ್ಮದಿಯಾಯಿತು. ಒಲೆಗೆ ಸೌದೆ ಹಾಕಿ ಬಂದು ಹೊದ್ದು ಮಲಗಿದಳು.

ಐದು ನಿಮಿಷಕ್ಕೆ ಫೋನ್ ಬಂತು. ಹಿಮೇನಾ.

“ದೋನ್ಯಾ ಎದೆಲ್ಮಿರಾ, ಇಷ್ಟು ದಿನದಲ್ಲಿ ನಿಮ್ಮ ಅಂಕಿ ಒಂದ್ಸಲಾನೂ ಮೂವತ್ತಾರು ಪಾಯಿಂಟ್ ಎರಡು ದಾಟಿಲ್ಲ. ಎಂಟು ಗಂಟೆ ತಪ್ಪಿಲ್ಲ. ನಾನು ದಿನಾ ಬರೆದಿಟ್ಕೊಂಡಿದೀನಿ. ಇವತ್ತು ನಿಜ ಎಷ್ಟು?”

ಎದೆಲ್ಮಿರಾಳಿಗೆ ತನ್ನ ಉಸಿರು ಫೋನಿನಲ್ಲಿ ಕೇಳಿಸುತ್ತಿದೆ ಎಂದು ಗೊತ್ತಾಯಿತು.

“ನಿಮಗೆ ಹೆದರಿಕೆ ಆಗ್ಬಾರ್ದು ಅಂತ...”

“ನಂಗೆ ದಿನಾ ಹೆದರಿಕೆ ಆಗ್ತಾನೇ ಇದೆ.” ಎಂದಳು ಹಿಮೇನಾ. “ಮತ್ತೆ ಕಿಟಕಿ ಮುಚ್ಚಿಟ್ಟು ನಮ್ಮನ್ನ ಬೆಚ್ಚಗಿಡ್ಬೇಡಿ, ತಿಯಾ. ಎಷ್ಟು?”

ತಿಯಾ ಎಂದಳು. ಅವಳು ಹಾಗೆ ಕರೆದದ್ದು ಅದೇ ಮೊದಲು.

“ಮೂವತ್ತೆಂಟು ಪಾಯಿಂಟ್ ಏಳು,” ಎಂದಳು ಎದೆಲ್ಮಿರಾ.

ಆ ಕಡೆ ಹಿಮೇನಾ ಗಂಡನನ್ನು ಕರೆದು, ಇನ್ನೊಂದು ಫೋನಿನಿಂದ ಆರೋಗ್ಯ ಕೇಂದ್ರಕ್ಕೆ ಹೇಳಲು ಹೇಳಿದ್ದು ಕೇಳಿತು. ಅವರ ಬಳಿ ವಾಲ್ದೋನ ಸಂಖ್ಯೆ ಮೊದಲಿನಿಂದಲೂ ಇತ್ತಂತೆ. ಗಾಡಿ ಬಂದು ಬಾಗಿಲಲ್ಲಿ ನಿಲ್ಲುವವರೆಗೆ ಅವಳು ಫೋನ್ ಇಡಲಿಲ್ಲ. ಎದ್ದು ಬಾಗಿಲ ಚಿಲಕ ತೆಗೆದಿಡಿ ಎಂದಳು. ಕಿಟಕಿ ತೆರೆಯಿರಿ ಎಂದಳು. ನಡುನಡುವೆ ಇದ್ದೀರಾ ಎಂದು ಕೇಳುತ್ತಿದ್ದಳು. ಇದ್ದೀನಿ ಎನ್ನುತ್ತಿದ್ದಳು ಎದೆಲ್ಮಿರಾ.

ತೆಮುಕೊದ ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದವರಿಗೆ ಅನುಮಾನ ಉಳಿಯಲಿಲ್ಲ. ಅಂದೇ ಸಂಜೆ ಎದೆಯ ಮೇಲೆ ಯಾರೋ ಒದ್ದೆ ಮರಳಿನ ಚೀಲ ಇಟ್ಟಂತಾಯಿತು. ಇನ್ನೊಂದು ದಿನ ತಡವಾಗಿದ್ದರೆ ದಾರಿಯಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ನೋಲ್ಫಾಳಿಗೆ ಹೇಳಿದರಂತೆ. ಮುಂದಿನ ಎಂಟು ದಿನ ಎದೆಲ್ಮಿರಾಳ ಪಾಲಿಗೆ ಇಲ್ಲ. ಯಂತ್ರವೊಂದು ಅವಳ ಬದಲು ಉಸಿರಾಡಿತು. ಎಚ್ಚರವಾದಾಗ ಗಾಜಿನ ಆಚೆ ಮುಖಗವಸಿನ ನೋಲ್ಫಾ ಒಂದು ಕಾಗದ ಹಿಡಿದು ನಿಂತಿದ್ದಳು. ಅವಳೂ ದಿನಾ ಜ್ವರ ನೋಡಿಕೊಳ್ಳುತ್ತಿದ್ದಳು, ಏನೂ ಇರಲಿಲ್ಲ. ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಮಗುವಿನ ಎಂಟು ದಿನದ ಅಂಕಿಗಳನ್ನು ಬರೆದಿದ್ದಳು. ಎಲ್ಲವೂ ಮೂವತ್ತೇಳರೊಳಗೆ. ಆದರೆ ನಲವತ್ತೆರಡಕ್ಕೆ ಇನ್ನೂ ಎರಡು ವಾರವಿತ್ತು. ಆ ಎರಡು ವಾರ ಎದೆಲ್ಮಿರಾ, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು, ಪ್ರತಿ ಬೆಳಗ್ಗೆ ಗಾಜಿನ ಆಚೆ ನೋಲ್ಫಾ ಬರುವ ಬಾಗಿಲನ್ನೇ ನೋಡುತ್ತ ಮಲಗಿದ್ದಳು. ಕೊನೆಯ ದಿನ ನೋಲ್ಫಾ ಕಾಗದ ತರಲಿಲ್ಲ. ಎರಡೂ ಕೈಯ ಬೆರಳುಗಳಲ್ಲಿ ಮೂರು, ಆರು, ನಾಲ್ಕು ಎಂದು ತೋರಿಸಿ, ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟಳು.

ಚಳಿಗಾಲ ಕಾಲಿಡುವ ಮೇ ತಿಂಗಳಲ್ಲಿ ಎದೆಲ್ಮಿರಾ ಕೋಲೂರಿಕೊಂಡು ಮೇಲಿನ ಮನೆಗೆ ಹೋದಳು. ನಡುವೆ ಮೂರು ಸಲ ನಿಂತು ಉಸಿರು ಹಿಡಿದಳು. ದಾರಿಯ ಎರಡೂ ಬದಿ ಸತ್ತ ಬಿದಿರು ಬೂದಿಬಣ್ಣಕ್ಕೆ ತಿರುಗಿ ಒರಗಿತ್ತು. ನೋಲ್ಫಾ ಮುಂದೆ ಹೋಗಿ ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಅಂಗಳಕ್ಕೆ ಎರಡು ಕುರ್ಚಿ ತಂದು ಹಾಕಿದ್ದಳು. ಅಕ್ಕನ ಮಡಿಲಿಗೆ ಬಿಸಿ ನೀರಿನ ಬಾಟಲಿ ಇಟ್ಟು, ಗಡಿಯಾರ ನೋಡಿ, ಶುರು ಎಂದಳು.

ತೆರೆದ ಕಿಟಕಿಗಳಿಂದ ಒಳಗಿನ ಚಳಿ ಕಣ್ಣಿಗೆ ಕಾಣುವಷ್ಟು ಹೊರಬರುತ್ತಿತ್ತು. ಒಲೆ ಸತ್ತಂತೆ ಕೂತಿತ್ತು. ಅಮ್ಮ ಇದನ್ನು ನೋಡಿದ್ದರೆ ಎಂದುಕೊಳ್ಳುತ್ತಿರುವಾಗ ಫೋನು ಕಿಣಿ ಎಂದಿತು. ಲೆಕ್ಕ ಮುಗಿದು ತಿಂಗಳುಗಳಾಗಿದ್ದರೂ ಹಿಮೇನಾ ವಾರಕ್ಕೊಮ್ಮೆ ಮಗಳ ಅಂಕಿ ಕಳಿಸುವುದನ್ನು ಬಿಟ್ಟಿರಲಿಲ್ಲ. ಇವತ್ತು ಅಂಕಿಯ ಕೆಳಗೆ ಒಂದು ಸಾಲಿತ್ತು: ಮುಂದಿನ ಫೆಬ್ರವರಿಗೆ ಬರುತ್ತೇವೆ, ತಿಯಾ, ಮನೆ ತಣ್ಣಗೇ ಇರಲಿ.

ಅವಳು ಅದನ್ನು ಎರಡು ಸಲ ಓದಿದಳು. ಬನ್ನಿ ಎಂದು ಬರೆಯಲು ಹೊರಟ ಬೆರಳು ಗಾಳಿಯಲ್ಲೇ ನಿಂತಿತು. ಒಳಗೆ ಎಲ್ಲೋ, ಹಲಗೆಯ ಗೋಡೆಯ ಸಂದಿನಲ್ಲಿ, ತೀರ ಹಗುರವಾದ ಕಾಲುಗಳು ಓಡಿದ ಸದ್ದು. ಓಡಿ, ನಿಂತು, ಮತ್ತೆ ಓಡಿದವು.

ನೋಲ್ಫಾ ಕೂಡ ಕೇಳಿಸಿಕೊಂಡಿದ್ದಳು. ಎದ್ದು ಕ್ಲೋರಿನ್ ನೀರಿನ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಎಷ್ಟಾಯ್ತು?” ಎಂದು ಕೇಳಿದಳು ಎದೆಲ್ಮಿರಾ.

“ಹನ್ನೆರಡು ನಿಮಿಷ.”

ಎದೆಲ್ಮಿರಾ ಫೋನನ್ನು ಕೋಟಿನ ಜೇಬಿಗೆ ಹಾಕಿ, ಬಿಸಿ ಬಾಟಲಿಯನ್ನು ಹೊಟ್ಟೆಗೆ ಒತ್ತಿಕೊಂಡು, ತೆರೆದ ಬಾಗಿಲನ್ನು ನೋಡುತ್ತ ಕಾದಳು.